ಕಾಲ್ನಡೆಗೆ ಒಗ್ಗುವ ಊರು

ದೂರವನ್ನು ಹೇಳುವುದಕ್ಕೆ ನಮ್ಮ ನುಡಿಯಲ್ಲಿ ಎಷ್ಟೊಂದು ಮಾತುಗಳಿವೆ! ನಾಲ್ಕು ಹೆಜ್ಜೆ, ಹತ್ತು ಮಾರು, ಕೂಗಳತೆ. ಗೇಣು ಕೈಯ ಅಳತೆ, ಮಾರು ತೋಳುಗಳ ಅಳತೆ, ಹೆಜ್ಜೆ ಕಾಲಿನದು, ಕೂಗಳತೆಯೋ ಕೊರಳಿನದು. ಎಲ್ಲವೂ ಮನುಷ್ಯನ ಮೈಯಿಂದ ಹುಟ್ಟಿದವು. ಮೈಲಿ, ಫರ್ಲಾಂಗುಗಳು ಬಂದು ಹೋದವು. ಈಗ ಕಿಲೋಮೀಟರಿನ ಆಳಿಕೆ. ಆದರೂ ಹಳ್ಳಿಯ ಕಡೆ ಮನೆ ಎಷ್ಟು ದೂರವೆಂದು ಕೇಳಿದರೆ "ಇಲ್ಲೇ, ಕೂಗಳತೆ" ಎನ್ನುವವರು ಇನ್ನೂ ಇದ್ದಾರೆ. ಪೇಟೆಯವರ ಉತ್ತರ ಬೇರೆ. "ಆಟೋದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ಅರ್ಧ ಗಂಟೆ" ಎನ್ನುತ್ತಾರೆ. ದೂರದ ಅಳತೆ ಮೈಯನ್ನು ಬಿಟ್ಟು ಯಂತ್ರವನ್ನು ಹಿಡಿದಿದೆ. ಊರು ಕಟ್ಟುವ ಅಳತೆಯೂ ಹಾಗೆಯೇ ಬದಲಾಯಿತು. ಅದರಿಂದ ಆದದ್ದೇನು, ಊರನ್ನು ಮತ್ತೆ ಕಾಲಿನ ಅಳತೆಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಹಳೆಯ ಊರುಗಳೆಲ್ಲ ಕಾಲಿನ ಅಳತೆಗೆ ಕಟ್ಟಿದವು. ಬೆಂಗಳೂರನ್ನೇ ತೆಗೆದುಕೊಳ್ಳಿ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಅರ್ಧ ಗಂಟೆಯಲ್ಲಿ ಮುಗಿಯುವಂಥದು. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಒಂದನ್ನೊಂದು ಹಾಯುವ ಚೌಕದ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ. ಹೆಸರೇ ಕಸುಬನ್ನು ಸಾರುತ್ತದೆ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ. ಕೆಲಸಕ್ಕೆ ಹೋಗುವುದೆಂದರೆ ಹೊಸ್ತಿಲು ದಾಟುವುದಷ್ಟೆ. ಗಾಡಿ ಬೇಕಾಗುತ್ತಿದ್ದುದು ಸರಕಿಗೆ, ಜನಕ್ಕಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳಹೊರಟಿಲ್ಲ. ಆ ಪೇಟೆಯ ಓಣಿಗಳು ಇಕ್ಕಟ್ಟು, ಮೋರಿಗಳು ಹೊಲಸು, ಮನೆಗಳಲ್ಲಿ ಗಾಳಿ ಬೆಳಕು ಕಡಿಮೆ. ೧೮೯೮ರಲ್ಲಿ ಪ್ಲೇಗು ಬಂದಾಗ ಜನ ಸಾವಿರಗಟ್ಟಲೆ ಸತ್ತರು. ಆ ಪೆಟ್ಟು ನಮ್ಮ ನಗರನಿರ್ಮಾಣದ ದಿಕ್ಕನ್ನೇ ತಿರುಗಿಸಿತು. ಮೈಸೂರಿನಲ್ಲಿ ಊರಿನ ಸುಧಾರಣೆಗೆಂದೇ ೧೯೦೩ರಲ್ಲಿ ಒಂದು ಮಂಡಳಿಯನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಆ ಹೊತ್ತಿಗಾಗಲೇ ಗೆರೆ ಎಳೆದು ಸಿದ್ಧಮಾಡಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ತರುವಾಯ ಬೇಗಬೇಗನೆ ತುಂಬಿಕೊಂಡವು.

ಈ ಎರಡು ಬಡಾವಣೆಗಳನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಅಲ್ಲಿ ರೋಗಭಯದಿಂದ ಬೀದಿಯನ್ನು ಅಗಲಮಾಡಿದರು, ಮನೆಮನೆಗೂ ಗಾಳಿ ಬೆಳಕು ಬರುವಂತೆ ನಿವೇಶನ ಹಂಚಿದರು; ಆದರೆ ಊರನ್ನು ನಡೆಯಬಲ್ಲ ಅಳತೆಗಿಂತ ದೊಡ್ಡದು ಮಾಡಲಿಲ್ಲ. ಮುಖ್ಯರಸ್ತೆಗಳು, ಅವನ್ನು ಅಡ್ಡಹಾಯುವ ಅಡ್ಡರಸ್ತೆಗಳು. ಮಲ್ಲೇಶ್ವರದಲ್ಲಿ ಒಂದು ಅಡ್ಡರಸ್ತೆ ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ. ನಡುವೆ ಮಾರುಕಟ್ಟೆ, ದೇವಸ್ಥಾನ, ಶಾಲೆ, ಆಟದ ಬಯಲು. ಬಸವನಗುಡಿಯಲ್ಲಿ ಗಾಂಧಿಬಜಾರಿನ ಹೂವು ತರಕಾರಿ, ಕಹಳೆಬಂಡೆಯ ಗಾಳಿ, ಕಾರ್ತಿಕದ ಕಡಲೆಕಾಯಿ ಪರಿಷೆ ಎಲ್ಲವೂ ಕಾಲ್ನಡೆಯ ಅಳವಿಗೆ ಸಿಕ್ಕುವಂಥವು. ಮನೆಗಳ ಹಿಂದೆ ಕಿರಿದಾದ ಗಲ್ಲಿಗಳನ್ನು ಬಿಟ್ಟಿದ್ದರು. ಅವು ಮಲ ಹೊರುವ ಕೆಲಸವನ್ನು ಕೆಲವು ಜಾತಿಗಳ ಜನರ ತಲೆಯ ಮೇಲೆ ಹೊರಿಸಿದ್ದ ಕಾಲದ ಗಲ್ಲಿಗಳು. ಆ ಭಾಗವನ್ನು ಹೊಗಳುವಂತಿಲ್ಲ. ಒಳಚರಂಡಿ ಬಂದಮೇಲೆ ಗಲ್ಲಿಗಳು ಕಸದ ಪಾಲಾದವು. ಮಲ್ಲೇಶ್ವರದಲ್ಲಿ ಕೆಲವನ್ನು ಇತ್ತೀಚೆಗೆ ಗುಡಿಸಿ, ಬಣ್ಣ ಬಳಿದು, ನಡೆದಾಡಲು ಅನುವು ಮಾಡಿದ್ದಾರೆ. ಹೊಲಸಿಗೆಂದು ಬಿಟ್ಟ ದಾರಿ ಮಕ್ಕಳ ಓಡಾಟಕ್ಕೆ ಒದಗಿದರೆ ಅದು ಸಣ್ಣ ಲಾಭವಲ್ಲ.

ಅಡ್ಡರಸ್ತೆಗಳು ಒತ್ತಾಗಿರುವುದರ ಪ್ರಯೋಜನವೇನು? ಆರೋಗ್ಯವಂತನಾದ ಮನುಷ್ಯ ಸಾಧಾರಣ ನಡಿಗೆಯಲ್ಲಿ ಐದು ನಿಮಿಷಕ್ಕೆ ಸುಮಾರು ೪೦೦ ಮೀಟರು, ಎಂದರೆ ಹಳೆಯ ಲೆಕ್ಕದಲ್ಲಿ ಎರಡು ಫರ್ಲಾಂಗು ಹೋಗುತ್ತಾನೆ. ಹತ್ತು ನಿಮಿಷಕ್ಕೆ ಅರ್ಧ ಮೈಲಿ. ಹಾಲು, ಔಷಧಿ, ಪ್ರಾಥಮಿಕ ಶಾಲೆ, ಬಸ್ ನಿಲ್ದಾಣ ಇವು ಆ ಅರ್ಧ ಮೈಲಿಯೊಳಗಿದ್ದರೆ ಜನ ನಡೆಯುತ್ತಾರೆ. ಮೀರಿದರೆ ಸ್ಕೂಟರಿನ ಬೀಗದಕೈಯನ್ನು ಹುಡುಕುತ್ತಾರೆ. ಆದರೆ ಈ ಅರ್ಧ ಮೈಲಿ ಹಕ್ಕಿ ಹಾರುವ ದೂರವಲ್ಲ, ಕಾಲು ಸವೆಸುವ ದೂರ. ಇಂದಿನ ಅನೇಕ ಹೊಸ ಬಡಾವಣೆಗಳಲ್ಲಿ ಸುತ್ತಲೂ ಗೋಡೆ, ಒಂದೇ ಬಾಗಿಲು, ಒಳಗೆ ಕುರುಡುಕೊನೆಯ ಬೀದಿಗಳು. ಹಿಂದಿನ ಗೋಡೆಯಾಚೆಗೆ ಐವತ್ತು ಮೀಟರಿನಲ್ಲಿ ಅಂಗಡಿ ಕಾಣುತ್ತದೆ, ಒಗ್ಗರಣೆಯ ವಾಸನೆಯೂ ಬರುತ್ತದೆ. ಅಲ್ಲಿಗೆ ಹೋಗಬೇಕಾದರೆ ಮುಂಬಾಗಿಲಿನಿಂದ ಹೊರಟು ಒಂದು ಕಿಲೋಮೀಟರು ಸುತ್ತಬೇಕು. ಅಲ್ಲಿನವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಅವರ ನಡಿಗೆಯನ್ನು ನಕ್ಷೆ ಬರೆದವನೇ ಕಿತ್ತುಕೊಂಡಿದ್ದಾನೆ. ಗೋಡೆಯಲ್ಲಿ ಒಂದು ಸಣ್ಣ ದಿಡ್ಡಿಬಾಗಿಲು ಬಿಟ್ಟರೆ ಎಷ್ಟೋ ಕಡೆ ಅರ್ಧ ರೋಗ ಗುಣವಾದೀತು. ಕೋಟೆ ಕಟ್ಟಿದವರೇ ದಿಡ್ಡಿ ಬಿಡುತ್ತಿದ್ದರು, ನಾವೇಕೆ ಬಿಡಬಾರದು?

ಇನ್ನು ನೆರಳು. ಬಿಸಿಲ ನಾಡಿನಲ್ಲಿ ನೆರಳಿಲ್ಲದ ದಾರಿ ದಾರಿಯೇ ಅಲ್ಲ ಎಂಬುದು ಸಾಲುಮರ ನೆಡಿಸಿ ಅರವಟ್ಟಿಗೆ ಇಡಿಸಿದ ನಮ್ಮ ಹಿರಿಯರಿಗೆ ಗೊತ್ತಿತ್ತು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಆಲದ ಸಸಿ ನೆಟ್ಟು ನೀರು ಹೊತ್ತು ಬೆಳೆಸಿದ ತಿಮ್ಮಕ್ಕನವರಿಗೆ ಜನರಿತ್ತ ಬಿರುದು 'ಸಾಲುಮರದ' ಎಂಬ ಅಚ್ಚ ಹಳೆಯ ಮಾತೇ. ಬೆಂಗಳೂರಿಗೆ ಈ ವಿದ್ಯೆಯನ್ನು ಶಾಸ್ತ್ರವಾಗಿ ಮಾಡಿಕೊಟ್ಟವರು ಜರ್ಮನಿಯ ತೋಟಗಾರಿಕೆ ಪಂಡಿತ ಕ್ರುಂಬಿಗಲ್ ಅವರು. ಬರೋಡಾದಲ್ಲಿ ಸೇವೆ ಮಾಡಿ ೧೯೦೮ರಲ್ಲಿ ಲಾಲ್‌ಬಾಗಿಗೆ ಬಂದ ಅವರು ೧೯೫೬ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಬೀದಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯದು ಅರಳಬೇಕು, ಹೀಗೆ ವರ್ಷವೆಲ್ಲ ಊರಿನ ಒಂದಲ್ಲ ಒಂದು ಕಡೆ ಹೂವಿರಬೇಕು ಎಂಬುದು ಅವರ ಲೆಕ್ಕಾಚಾರ. ಮಲ್ಲೇಶ್ವರದ ಎರಡು ದೊಡ್ಡ ಬೀದಿಗಳ ಹೆಸರು ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ನಮ್ಮ ಬೇವೇ. ಬೀದಿಗೆ ಮರದ ಹೆಸರಿಟ್ಟ ಕಾಲದಲ್ಲಿ ಮರ ಬೀದಿಯ ಯಜಮಾನನಾಗಿತ್ತು.

ಮರದ ತಂಪಿಗೆ ಕಾರಣ ನೆರಳೊಂದೇ ಅಲ್ಲ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೇಗೆ? ಮಡಕೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಕಾವನ್ನು ಕೊಂಡೊಯ್ಯುತ್ತದೆ. ಎಲೆಗಳೂ ಬೇರಿನಿಂದ ಬಂದ ನೀರನ್ನು ಆವಿಮಾಡಿ ಬಿಡುತ್ತ ಅದೇ ಕೆಲಸ ಮಾಡುತ್ತವೆ. ಡಾಂಬರು, ಕಾಂಕ್ರೀಟುಗಳ ಗುಣ ಇದಕ್ಕೆ ವಿರುದ್ಧ. ಹಗಲೆಲ್ಲ ಕಾವನ್ನು ಕುಡಿದು ರಾತ್ರಿ ಮೆಲ್ಲನೆ ಉಗುಳುತ್ತವೆ. ನಮ್ಮ ಹೊಂಗೆಯ ವಿವೇಕ ನೋಡಿ: ಬೇಸಗೆಯ ಬಿಸಿಲು ಏರುವ ಹೊತ್ತಿಗೇ ಹೊಸ ಚಿಗುರು ತಳೆದು ಛತ್ರಿ ಬಿಚ್ಚುತ್ತದೆ. ಇಂಥ ಮರದ ಬುಡಕ್ಕೆ ಸುತ್ತ ಒಂದು ಗೇಣು ಮಣ್ಣನ್ನೂ ಬಿಡದೆ ಕಾಂಕ್ರೀಟು ಬಿಗಿದು, ಮಳೆಗಾಳಿಗೆ ಅದು ಉರುಳಿದಾಗ "ಮರ ಅಪಾಯಕಾರಿ" ಎಂದು ಬರೆದುಕೊಳ್ಳುತ್ತೇವೆ.

ಮಣ್ಣು ಮುಚ್ಚಿದರೆ ಮಳೆಗೂ ಕಷ್ಟ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ವಾಹನಕ್ಕೆಂದು ಊರು ಹರಡಿದಷ್ಟೂ ಮುಚ್ಚಿದ ನೆಲ ಹೆಚ್ಚುತ್ತದೆ. ಒಂದು ಕಾರು ಸುಮ್ಮನೆ ನಿಲ್ಲುವುದಕ್ಕೇ ಸುಮಾರು ಹನ್ನೆರಡೂವರೆ ಚದರ ಮೀಟರು, ಎಂದರೆ ಹತ್ತಡಿಗೆ ಹದಿಮೂರಡಿಯ ಒಂದು ಕೋಣೆಯಷ್ಟು ನೆಲ ಬೇಕು. ಅಷ್ಟು ಕೋಣೆಯಲ್ಲಿ ಬಾಳುವೆ ಮಾಡುವ ಸಂಸಾರಗಳು ನಮ್ಮ ನಗರಗಳಲ್ಲಿ ಎಷ್ಟಿಲ್ಲ! ಹೊಗೆಯ ಲೆಕ್ಕವೂ ಇದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಎರಡು ಕಾಲು ಕಿಲೋ ಇಂಗಾಲದ ಡೈ ಆಕ್ಸೈಡು ಹೊರಬೀಳುತ್ತದೆ. ಕೊತ್ತಂಬರಿ ಸೊಪ್ಪಿಗೆಂದು ಕಾರಿನಲ್ಲಿ ಒಂದು ಕಿಲೋಮೀಟರು ಹೋಗಿ ಬಂದರೆ ಸೊಪ್ಪಿನ ಕಟ್ಟಿಗಿಂತ ಹೊಗೆಯ ತೂಕವೇ ಹೆಚ್ಚಾದೀತು.

ನೆರಳೂ ಇದೆ, ಅಂಗಡಿಯೂ ಹತ್ತಿರವಿದೆ, ಕಾಲಿಡುವುದೆಲ್ಲಿ? ಫುಟ್‌ಪಾತಿಗೆ ನಾವು ಪಂಡಿತರು 'ಪಾದಚಾರಿ ಮಾರ್ಗ'ವೆಂದು ಹೆಸರಿಟ್ಟೆವು. ಹೆಸರು ಉದ್ದವಾಯಿತು, ಮಾರ್ಗ ಗಿಡ್ಡವಾಯಿತು. ನಮ್ಮ ಊರುಗಳಲ್ಲಿ ಫುಟ್‌ಪಾತೆಂಬುದು ಬಹುಮಟ್ಟಿಗೆ ಚರಂಡಿಯ ಮುಚ್ಚಳ. ಮೊದಲು ಮಳೆನೀರಿನ ಮೋರಿ; ಅದರ ಮೇಲೆ ಕಲ್ಲುಚಪ್ಪಡಿ; ಚಪ್ಪಡಿಯ ಮೇಲೆ ನಾವು. ನೀರಿನ ಕೊಳಾಯಿಯವರು ಒಂದು ಚಪ್ಪಡಿ ಎತ್ತಿದರೆ, ವಿದ್ಯುತ್ತಿನವರು ಇನ್ನೊಂದು, ಟೆಲಿಫೋನಿನವರು ಮತ್ತೊಂದು. ಎತ್ತಿದ ಚಪ್ಪಡಿಯನ್ನು ಮೊದಲಿದ್ದಂತೆ ಕೂರಿಸುವ ಇಲಾಖೆ ಯಾವುದು ಎಂಬುದು ಮಾತ್ರ ತಿಳಿಯದು. ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ಟೆಂಡರ್‌ಶೂರ್ ಎಂಬ ಹೆಸರಿನಲ್ಲಿ ನಡೆದ ಕೆಲಸದ ಮುಖ್ಯ ಗುಟ್ಟು ಇಲ್ಲಿಯೇ ಇದೆ: ಕೊಳಾಯಿ, ತಂತಿಗಳಿಗೆಲ್ಲ ನೆಲದೊಳಗೆ ಬೇರೆಬೇರೆ ಕೊಳವೆಗಳನ್ನು ಮೊದಲೇ ಹೂತು, ಅಲ್ಲಲ್ಲಿ ಬಾಗಿಲು ಬಿಟ್ಟು, ಆಮೇಲೆ ಮೇಲೆ ಸಮನಾದ ಅಗಲವಾದ ನಡೆದಾರಿ ಹಾಸಿದರು. ಖರ್ಚು ಹೆಚ್ಚೆಂದು ಟೀಕೆ ಬಂತು. ಪ್ರತಿವರ್ಷ ಅಗೆದು ಮುಚ್ಚುವ ಖರ್ಚನ್ನೂ, ಬಿದ್ದು ಮುರಿದ ಮೂಳೆಗಳ ಖರ್ಚನ್ನೂ ಯಾರೂ ಕೂಡಿ ನೋಡಿದಂತೆ ಕಾಣಲಿಲ್ಲ.

ನಡೆದಾರಿ ಹೇಗಿರಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸು ಅಳತೆಗಳನ್ನೇ ಕೊಟ್ಟಿದೆ. ಅದರ ೨೦೧೨ರ ಸೂಚನೆಗಳ ಪ್ರಕಾರ ಮನೆಗಳಿರುವ ಬೀದಿಯಲ್ಲೂ ಯಾವ ಅಡ್ಡಿಯೂ ಇಲ್ಲದ ೧.೮ ಮೀಟರು, ಎಂದರೆ ಆರಡಿ ಅಗಲ ನಡಿಗೆಗೆ ಬಿಟ್ಟಿರಬೇಕು. ಅಂಚು ರಸ್ತೆಯಿಂದ ೧೫ ಸೆಂಟಿಮೀಟರು, ಆರಂಗುಲಕ್ಕಿಂತ ಎತ್ತರವಿರಕೂಡದು. ಆರಡಿ ಏಕೆ? ಗಾಲಿಕುರ್ಚಿಗಳೆರಡು ಎದುರುಬದುರಾದರೂ ಒಂದನ್ನೊಂದು ದಾಟಬೇಕು. ಮಗುವಿನ ಕೈಹಿಡಿದ ತಾಯಿ ಎದುರು ಬರುವವರಿಗಾಗಿ ರಸ್ತೆಗೆ ಇಳಿಯುವಂತಾಗಬಾರದು. ಆರಂಗುಲವೇಕೆ? ಅದು ಮನೆಯ ಮೆಟ್ಟಿಲಿನ ಎತ್ತರ. ಮಂಡಿನೋವಿನ ಅಜ್ಜಿ ಒಂದಡಿಯ ಅಂಚನ್ನು ಒಂದು ಸಲ ಹತ್ತಿಯಾಳು. ಪ್ರತಿ ಗೇಟಿನ ಮುಂದೆ ಹತ್ತಿ ಇಳಿಯಬೇಕೆಂದರೆ ಸುಮ್ಮನೆ ರಸ್ತೆಯಲ್ಲೇ ನಡೆಯುತ್ತಾಳೆ. "ಫುಟ್‌ಪಾತ್ ಇದ್ದರೂ ಜನ ರಸ್ತೆಯಲ್ಲಿ ನಡೆಯುತ್ತಾರೆ" ಎಂದು ವಾಹನದವರು ಗೊಣಗುವುದುಂಟು. ಆ ಗೊಣಗಾಟಕ್ಕೆ ಉತ್ತರ ಈ ಆರಂಗುಲದಲ್ಲಿದೆ.

ರಸ್ತೆ ದಾಟುವುದು ಇನ್ನೂ ಕಠಿನ. ಹದಿನಾಲ್ಕು ಮೀಟರು ಅಗಲದ ರಸ್ತೆಯನ್ನು ಸೆಕೆಂಡಿಗೆ ೧.೨ ಮೀಟರಿನಂತೆ ನಡೆಯುವ ತರುಣ ಹನ್ನೆರಡು ಸೆಕೆಂಡಿನಲ್ಲಿ ದಾಟುತ್ತಾನೆ. ಸೆಕೆಂಡಿಗೆ ೦.೮ ಮೀಟರು ನಡೆಯುವ ಮುದುಕರಿಗೆ ಹದಿನೇಳೂವರೆ ಸೆಕೆಂಡು ಬೇಕು. ಹಸಿರು ದೀಪವನ್ನು ತರುಣನ ಲೆಕ್ಕಕ್ಕೆ ಇಟ್ಟರೆ ಮುದುಕರು ರಸ್ತೆಯ ನಡುವೆ ಸಿಕ್ಕಿಬೀಳುತ್ತಾರೆ. ಐದಾರು ಸೆಕೆಂಡುಗಳ ಪ್ರಶ್ನೆ; ಆದರೆ ಅಷ್ಟರ ಮೇಲೆಯೇ ಒಬ್ಬ ವೃದ್ಧೆ ಸಂಜೆ ದೇವಸ್ಥಾನಕ್ಕೆ ಹೋಗುವಳೋ, ಮನೆಯಲ್ಲೇ ಉಳಿಯುವಳೋ ಎಂಬುದು ನಿಂತಿದೆ. ಇದಕ್ಕೆ ಪರಿಹಾರವೆಂದು ಮೇಲುಸೇತುವೆಗಳನ್ನು ಕಟ್ಟುತ್ತಾರೆ. ಲಾರಿಗಳು ಕೆಳಗೆ ಹಾಯಲು ಐದೂವರೆ ಮೀಟರು ಎತ್ತರ ಬೇಕು; ಆರಂಗುಲದ ಮೆಟ್ಟಿಲಾದರೆ ಮೂವತ್ತಾರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು, ಅಷ್ಟೇ ಇಳಿಯಬೇಕು. ಲಿಫ್ಟು ಇಟ್ಟದ್ದುಂಟು, ಅದು ಕೆಟ್ಟು ನಿಂತದ್ದೂ ಉಂಟು. ನನ್ನ ಮತದಲ್ಲಿ ಊರಿನೊಳಗಣ ಮೇಲುಸೇತುವೆ ನಡೆಯುವವನ ಅನುಕೂಲಕ್ಕೆ ಕಟ್ಟಿದ್ದಲ್ಲ, ಅವನು ವಾಹನಕ್ಕೆ ಅಡ್ಡಬಾರದಿರಲೆಂದು ಕಟ್ಟಿದ್ದು. ಇಂಜಿನಿನ ಮೇಲೆ ಕುಳಿತವನು ಸಮತಟ್ಟಾಗಿ ಹೋಗುತ್ತಾನೆ, ಕಾಲಿನ ಮೇಲೆ ನಿಂತವನು ಬೆಟ್ಟ ಹತ್ತುತ್ತಾನೆ. ಇದು ಯಾವ ನ್ಯಾಯ?

ವೇಗದ ವಿಷಯದಲ್ಲಿ ಶಾಲೆಯ ಪಾಠವೊಂದನ್ನು ನೆನೆದರೆ ಸಾಕು. ವಾಹನದ ವೇಗ ಎರಡರಷ್ಟಾದರೆ ಬ್ರೇಕು ಹಾಕಿದಮೇಲೆ ಅದು ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ ೩೦ ಕಿಲೋಮೀಟರಿನಲ್ಲಿ ಬರುವ ಕಾರು ಚೆಂಡಿನ ಹಿಂದೆ ಓಡಿಬಂದ ಮಗುವಿನ ಮುಂದೆ ನಿಂತೀತು. ೬೦ರಲ್ಲಿ ಬರುವುದು ನಿಲ್ಲಲಾರದು. ನಮ್ಮ ದೇಶದಲ್ಲಿ ೨೦೨೨ನೆಯ ಒಂದು ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ೩೨,೮೨೫ ಮಂದಿ ನಡೆದು ಹೋಗುತ್ತಿದ್ದವರು. ದಿನಕ್ಕೆ ತೊಂಬತ್ತರಂತೆ. ಪ್ಲೇಗು ಬಂದಾಗ ನಾವು ಊರುಗಳನ್ನೇ ಹೊಸದಾಗಿ ಕಟ್ಟಿದೆವು. ಈ ಸಾವುಗಳಿಗೆ 'ಅಪಘಾತ'ವೆಂಬ ಒಂದು ಪದ ಸಿಕ್ಕಿರುವುದರಿಂದ ಸುಮ್ಮನಿದ್ದೇವೆ.

ಊರನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವೇ ಎಂದು ಕೇಳುವವರಿಗೆ ಒಂದು ನಿದರ್ಶನ ಕೊಡಬಹುದು. ಕೋಪನ್‌ಹೇಗನ್, ಪ್ಯಾರಿಸ್ಸುಗಳಂಥ ರಾಜಧಾನಿಗಳ ಮಾತು ಬೇಡ. ನಮ್ಮ ಜಿಲ್ಲಾಕೇಂದ್ರಗಳಿಗಿಂತ ದೊಡ್ಡದಲ್ಲದ ಊರೊಂದನ್ನು ನೋಡೋಣ. ಸ್ಪೇನ್ ದೇಶದ ವಾಯವ್ಯದಲ್ಲಿ ಪಾಂಟೆವೆದ್ರಾ ಎಂಬ ಊರು. ಜನಸಂಖ್ಯೆ ಎಂಬತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ಅಲ್ಲಿ ೧೯೯೯ರಲ್ಲಿ ಮೇಯರಾದವರು ಲೋರೆಸ್ ಎಂಬ ವೈದ್ಯರು. ಊರಿನ ಹಳೆಯ ಭಾಗದಲ್ಲಿ ವಾಹನಗಳು ತುಂಬಿ ಬೀದಿ ಹೊಗೆಯ ಕೊಳವೆಯಾಗಿತ್ತು. ಅವರು ಮೊದಲು ಊರನ್ನು ಹಾದುಹೋಗುವ ವಾಹನಗಳನ್ನು ನಿಲ್ಲಿಸಿದರು. ಸರಕು ತರುವವರಿಗೆ, ಅಂಗವಿಕಲರಿಗೆ, ಅಲ್ಲಿನ ನಿವಾಸಿಗಳಿಗೆ ದಾರಿ ಉಳಿಸಿದರು. ಕಾರು ನಿಲ್ಲಿಸಲು ಊರಂಚಿನಲ್ಲಿ ಬಿಟ್ಟಿ ಜಾಗ ಕೊಟ್ಟು, ಅಲ್ಲಿಂದ ಒಳಕ್ಕೆ ನಡೆಯಿರಿ ಎಂದರು. ಮೆಟ್ರೋ ರೈಲಿನ ನಕ್ಷೆಯ ಹಾಗೆಯೇ ಒಂದು ನಕ್ಷೆಯನ್ನೂ ಅಚ್ಚುಹಾಕಿಸಿದರು. ಅದರಲ್ಲಿ ರೈಲಿಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ನಡೆದರೆ ಎಷ್ಟು ನಿಮಿಷ ಎಂಬುದಷ್ಟೇ ಇದೆ. ಎಲ್ಲವೂ ಎಷ್ಟು ಹತ್ತಿರವೆಂದು ಅದನ್ನು ನೋಡಿದವರಿಗೆ ಗೊತ್ತಾಗುತ್ತದೆ. ೧೯೯೬ರಿಂದ ೨೦೦೬ರವರೆಗೆ ಮೂವತ್ತು ಜನ ವಾಹನಗಳಿಂದ ಸತ್ತಿದ್ದ ಅದೇ ಬೀದಿಗಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಸತ್ತವರು ಮೂವರು.

ನಮ್ಮ ನೆರೆಯ ಚೆನ್ನೈಯ ಪಾಂಡಿಬಜಾರಿನಲ್ಲಿ ೨೦೧೯ರಲ್ಲಿ ನಡೆದಾರಿಯನ್ನು ಬಹಳ ಅಗಲಮಾಡಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ೨೦೧೮ರಲ್ಲಿ ಕಲ್ಲು ಹಾಸಿದರು. ಇಂಥ ಕೆಲಸ ಆರಂಭವಾದಾಗಲೆಲ್ಲ ಅಂಗಡಿಯವರು ವ್ಯಾಪಾರ ಹಾಳಾದೀತೆಂದು ಹೆದರುವುದು ಸಹಜ. ಆದರೆ ಕೊಳ್ಳುವವನು ಕಾರಲ್ಲ, ಕಾರಿನಿಂದ ಇಳಿದ ಮನುಷ್ಯ. ನಿಧಾನವಾಗಿ ನಡೆಯುವವನ ಕಣ್ಣಿಗೆ ಬೀಳುವಷ್ಟು ಅಂಗಡಿ ವೇಗವಾಗಿ ಹಾಯುವವನ ಕಣ್ಣಿಗೆ ಬೀಳುವುದಿಲ್ಲ.

ಫುಟ್‌ಪಾತಿನ ಮೇಲೆ ಕುಳಿತು ಮಾರುವವರನ್ನೇನು ಮಾಡಬೇಕು ಎಂಬ ಪ್ರಶ್ನೆ ಉಂಟು. ಅವರನ್ನು ಎಬ್ಬಿಸಿದರೆ ಬೀದಿ ಸುಧಾರಿಸಿತು ಎಂಬ ಎಣಿಕೆ ಸರಿಯಲ್ಲ. ಬೀದಿಬದಿ ವ್ಯಾಪಾರಿಗಳ ೨೦೧೪ರ ಕಾಯಿದೆ ಅವರಿಗೆ ಹಕ್ಕನ್ನೂ ಜಾಗವನ್ನೂ ಕೊಡಬೇಕೆಂದು ವಿಧಿಸಿದೆ. ನಡಿಗೆಗೆ ಆರಡಿ ಬಿಟ್ಟು, ಮರಗಳ ಸಾಲಿನಲ್ಲಿ ಅವರಿಗೆ ಗೆರೆ ಹಾಕಿಕೊಟ್ಟರೆ ಇಬ್ಬರಿಗೂ ಒಳ್ಳೆಯದು. ರಾತ್ರಿ ಎಂಟು ಗಂಟೆಗೆ ಮನೆಗೆ ಮರಳುವ ಹೆಣ್ಣುಮಗಳಿಗೆ ಹೂಮಾರುವಾಕೆಯ ದೀಪವೇ ಕಾವಲು. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ ೧೯೬೧ರಲ್ಲಿ ಬರೆದ ಗ್ರಂಥದಲ್ಲಿ, ಬೀದಿಯ ಮೇಲೆ ನಿವಾಸಿಗಳ ಕಣ್ಣಿದ್ದರೆ ಬೀದಿ ಸುರಕ್ಷಿತವಾಗಿರುತ್ತದೆಂದು ವಾದಿಸಿದಳು. ನಮ್ಮ ಜಗಲಿಗಳು ಮಾಡುತ್ತಿದ್ದುದು ಅದನ್ನೇ. ಜಗಲಿ ಹೋಗಿ ಎಂಟಡಿಯ ಕಾಂಪೌಂಡು ಗೋಡೆ ಬಂದಮೇಲೆ ಬೀದಿಗೆ ಕಣ್ಣಿಲ್ಲದಾಯಿತು. ಈಗ ಗೋಡೆಯ ಮೇಲೆ ಕ್ಯಾಮೆರಾ ಇಡುತ್ತೇವೆ.

೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ, ಅಡ್ಡಿಯಿಲ್ಲದ ನಡೆದಾರಿ ದೊರೆಯುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆಯೆಂದು ಹೇಳಿತು. ಆದುದರಿಂದ ಪುರಪಿತೃಗಳನ್ನು ಕೇಳುವಾಗ ಇನ್ನು ಮೇಲೆ ಕೈಮುಗಿದು ಕೇಳಬೇಕಾಗಿಲ್ಲ. ಆದರೆ ಅಳತೆಯೊಡನೆ ಕೇಳಬೇಕು. ಒಂದು ಭಾನುವಾರ ಟೇಪು ಹಿಡಿದು ಮನೆಯಿಂದ ಮಕ್ಕಳ ಶಾಲೆಯವರೆಗೆ ಹೋಗಿ ನೋಡಿ. ನಡೆದಾರಿ ಎಲ್ಲಿ ಆರಡಿಗೆ ಕಡಿಮೆ, ಯಾವ ಕಂಬದ ಬಳಿ ಚಪ್ಪಡಿ ಇಲ್ಲ, ದಾಟುವ ದೀಪ ಎಷ್ಟು ಸೆಕೆಂಡು ಹಸಿರು ಎಂದು ಬರೆದುಕೊಳ್ಳಿ. "ರಸ್ತೆ ಸರಿಯಿಲ್ಲ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ; "ಇಂಥ ಮನೆಯೆದುರು ಎರಡು ಚಪ್ಪಡಿ ಇಲ್ಲ" ಎಂಬುದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಅಳೆಯುವಾಗ ನಮ್ಮ ಗೇಟಿನಿಂದಲೇ ಆರಂಭಿಸುವುದು ಮೇಲು. ಕಾರನ್ನು ಒಳಕ್ಕೆ ತರಲು ಬಹುಪಾಲು ಮನೆಗಳವರು ಗೇಟಿನಿಂದ ಡಾಂಬರಿನವರೆಗೆ ಫುಟ್‌ಪಾತನ್ನೇ ಕಡಿದು ಇಳಿಜಾರು ಕಟ್ಟಿಸುತ್ತಾರೆ. ನಡೆಯುವವನಿಗೆ ಅದು ಅಡ್ಡಕ್ಕೆ ವಾಲಿದ ಗುಡ್ಡ. ಸಾಲಾಗಿ ಹತ್ತು ಮನೆಗಳಿದ್ದರೆ ಹತ್ತು ಗುಡ್ಡ. ಮಾಡಬೇಕಾದದ್ದು ಹೀಗೆ: ನಡೆದಾರಿ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ, ಅದೇ ಕಲ್ಲಿನಲ್ಲಿ ಮುಂದುವರಿಯಬೇಕು, ಇಳಿಜಾರು ಹೊರ ಅಂಚಿನ ಒಂದೂವರೆ ಅಡಿಯಲ್ಲಿ ಮುಗಿಯಬೇಕು. ಅಂಚು ಆರಂಗುಲವಾಗಿದ್ದರೆ ಕಾರು ಅಷ್ಟನ್ನು ನಿಧಾನವಾಗಿ ಹತ್ತುತ್ತದೆ. ಗಾರೆಯವನಿಗೆ ಇದು ಅರ್ಧ ದಿನದ ಕೆಲಸ.